ಸ್ಕಿಪ್ ಮಾಡಬ್ಯಾಡೋ ತಮ್ಮಾ

ಕೇಳುಗರಿಗೆ ನಮಸ್ಕಾರ.

ಹೋದ ದೀಪಾವಳಿಗೆ ಹುಬ್ಬಳ್ಳಿಯ ಅಕ್ಕನ ಮನೆಗೆ ಹೋಗಿದ್ದೆ. ಅಳಿಯ ಟಿವಿ ಮುಂದೆ ಕೂತು ವಿಡಿಯೋ ಗೇಮ್ ಆಡುತ್ತಿದ್ದ. ಅಸ್ಸಾಸಿನ್ಸ್ ಕ್ರೀಡ್ 2. 2009ರ ಆಟ, ಈಗ ಹಳೇದೇ ಅನ್ನಿ. ಇಟಲಿಯ ಫ್ಲಾರೆನ್ಸ್ ಪಟ್ಟಣ, ಕೆಂಪು ಹೆಂಚಿನ ಮನೆಗಳು, ಅವುಗಳ ಮೇಲೆ ಎತ್ಸಿಯೋ ಎಂಬ ಹುಡುಗನ ಓಟ. ಗಿರಮಿಟ್ ತಟ್ಟೆ ಹಿಡಿದು ನಾನೂ ಪಕ್ಕಕ್ಕೆ ಕೂತೆ.

ದೊಡ್ಡ ಚರ್ಚಿನ ಮುಂದೆ ಕತ್ತಿ ಕಾಳಗ. ಲೊರೆಂಜೊ ಮೆಡಿಚಿ ಎಂಬ ದೊಡ್ಡ ಮನುಷ್ಯನನ್ನು ಕೊಲ್ಲಲು ಬಂದಿದ್ದಾರೆ, ಇವನು ಕಾಪಾಡಬೇಕು. ಆಟದಲ್ಲಿ ಆಗಾಗ ‘ಇದರ ಬಗ್ಗೆ ಓದು’ ಅಂತ ಒಂದು ಸೂಚನೆ ಮೂಡುತ್ತಿತ್ತು. “ಅದನ್ನ ತೆಗಿಯೋ, ನೋಡೋಣು” ಅಂದೆ.

“ಮಾಮಾ, ಅದನ್ನೆಲ್ಲಾ ಯಾರ್ ಓದ್ತಾರ್ರೀ? ಸ್ಕಿಪ್!”

ಅವನು ಊಟಕ್ಕೆ ಎದ್ದಾಗ ನಾನೇ ತೆಗೆದು ಓದಿದೆ. ಆ ಕಾಳಗ ಸುಮ್ನೆ ಕಟ್ಟಿದ್ದಲ್ಲ. 1478ರ ಏಪ್ರಿಲ್ 26, ಭಾನುವಾರ. ಪಾಜ್ಜಿ ಮನೆತನದವರ ಸಂಚು. ಲೊರೆಂಜೊ ಗಾಯಗೊಂಡು ಪಾರಾದ, ತಮ್ಮ ಜೂಲಿಯಾನೊ ಅಲ್ಲೇ ಸತ್ತ. ಆಟದಲ್ಲಿ ಇದು ಚರ್ಚಿನ ಹೊರಗೆ ನಡೆಯುತ್ತದೆ. ನಿಜದಲ್ಲಿ ಒಳಗೇ, ಪ್ರಾರ್ಥನೆಯ ಹೊತ್ತಿಗೇ ಇರಿದಿದ್ದರು.

ಈ ಟಿಪ್ಪಣಿಗಳನ್ನು ಬರೆಯುವವನು ಯಾರು ಗೊತ್ತಾ? ಕಥೆಯೊಳಗಿನ ಒಂದು ಪಾತ್ರವೇ, ಶಾನ್ ಅಂತ. ಬಾಯಿ ಸ್ವಲ್ಪ ಜಾಸ್ತಿ. ರಾಜರನ್ನೂ ಬಿಡುವುದಿಲ್ಲ, ಪಾದ್ರಿಗಳನ್ನೂ ಬಿಡುವುದಿಲ್ಲ. ಹಾಗಾಗಿ ಪಾಠ ಅನ್ನಿಸುವುದಿಲ್ಲ, ಕಟ್ಟೆ ಮೇಲೆ ಕೂತವರು ಊರವರ ಹುಳುಕು ಬಿಚ್ಚಿದ ಹಾಗಿರುತ್ತದೆ.

ಆಟದಲ್ಲಿ ಎತ್ಸಿಯೋನ ಅಪ್ಪ ಜೊವಾನ್ನಿ ಬಹಳ ಹೊತ್ತು ಇರುವುದಿಲ್ಲ. ಇಬ್ಬರು ಮಕ್ಕಳ ಜೊತೆ ಅವನನ್ನೂ ಗಲ್ಲಿಗೇರಿಸುತ್ತಾರೆ. ಪರಿಚಯವೇ ಆಗದವನಿಗಾಗಿ ಎಷ್ಟು ಮರುಗೋದು? ಆದರೆ ಆಟದ ಜೊತೆಗೇ ಮೂರು ಕಂತಿನ ಕಿರುಚಿತ್ರವೊಂದು ಬಂದಿತ್ತು, ಲೀನಿಯೇಜ್ ಅಂತ. ಅದರಲ್ಲಿ ಅಪ್ಪನೇ ನಾಯಕ. ಮಿಲಾನಿನ ಡ್ಯೂಕನ ಕೊಲೆಯ ಸಂಚಿನ ಬೆನ್ನು ಹತ್ತುತ್ತಾನೆ. ಆ ಡ್ಯೂಕ್ 1476ರಲ್ಲಿ ನಿಜವಾಗಿಯೂ ಕೊಲೆಯಾದವನು. ಅದನ್ನು ನೋಡಿ ಬಂದು ಮತ್ತೆ ಗಲ್ಲಿನ ದೃಶ್ಯ ನೋಡಿದೆ. ಗಿರಮಿಟ್ ಗಂಟಲಲ್ಲಿ ಇಳಿಯಲಿಲ್ಲ.

ಎಲ್ಲ ಆಟಗಳೂ ಹೀಗಲ್ಲ ಬಿಡಿ. ಕೆಲವರು ಅರ್ಧ ಕಥೆಯನ್ನು ಆಟದಲ್ಲಿಟ್ಟು, ಉಳಿದದ್ದಕ್ಕೆ ಕಾಮಿಕ್ಸ್ ಕೊಳ್ಳಿ ಅನ್ನುತ್ತಾರೆ. ಖಾನಾವಳಿಯವನು ರೊಟ್ಟಿ ಬಡಿಸಿ, ಪಲ್ಯ ಬೇಕಾದರೆ ಬಾಜೂ ಅಂಗಡಿಗೆ ಹೋಗ್ರಿ ಅಂದ ಹಾಗೆ.

ಇದೇ ಸರಣಿಯ ಈಜಿಪ್ಟಿನ ಆಟಕ್ಕೆ 2018ರಲ್ಲಿ ಡಿಸ್ಕವರಿ ಟೂರ್ ಬಂತು. ಹೊಡೆದಾಟವಿಲ್ಲ, ಸುಮ್ನೆ ತಿರುಗಾಡಿ ನೋಡುವ 75 ಪ್ರವಾಸಗಳು. ಅಲ್ಲೊಂದು ಶಾಲೆ, ಹುಡುಗರ ಜೊತೆ ಹುಡುಗಿಯರೂ ಕೂತಿದ್ದಾರೆ. ಆ ಕಾಲದಲ್ಲಿ ಹೀಗಿರಲಿಲ್ಲ, ನಾವೇ ಬೇಕಂತ ಹೀಗೆ ಮಾಡಿದ್ದೇವೆ ಅಂತ ಮಾಡಿದವರೇ ಅಲ್ಲಿ ಒಪ್ಪಿಕೊಳ್ಳುತ್ತಾರೆ. ನನಗೆ ತುಂಬಾ ಹಿಡಿಸಿದ್ದು ಇದೇ. ತಿದ್ದಿದ್ದು ಎಲ್ಲಿ ಅಂತ ಹೇಳಿದವನ ಉಳಿದ ಮಾತನ್ನೂ ನಂಬಬೇಕು ಅನ್ನಿಸುತ್ತದೆ.

ರಜೆ ಮುಗಿಯುವ ಮುಂಚೆ ಅಳಿಯನನ್ನು ಹಾನಗಲ್ಲಿನ ಕಡೆ ಕರೆದುಕೊಂಡು ಹೋದೆ. ಒಂದು ವೀರಗಲ್ಲಿನ ಮುಂದೆ ನಿಂತೆವು. ಕೆಳಗಿನ ಸಾಲಲ್ಲಿ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಲಿಂಗ, ಸೂರ್ಯ, ಚಂದ್ರ.

“ಮಸ್ತ್ ಫೈಟ್ ಐತ್ರಿ ಮಾಮಾ” ಅಂದ. ಸಾಲುಗಳ ನಡುವಿನ ಪಟ್ಟಿಯಲ್ಲಿ ಅಕ್ಷರಗಳಿದ್ದವು, ಅರ್ಧ ಸವೆದು ಹೋಗಿದ್ದವು. ನಾನು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ಅವನೇ ಬಾಟಲಿ ನೀರು ತೆಗೆದು ಅದರ ಮೇಲೆ ಸುರಿದ. ಅಕ್ಷರ ಕೊಂಚ ಎದ್ದು ಕಂಡವು.

“ಇದರಾಗ ಇವನ ಹೆಸರು ಎಲ್ಲಿ ಐತ್ರಿ?”

ಇಬ್ಬರೂ ಬಗ್ಗಿ ಹುಡುಕಿದೆವು. ಹೆಸರು ಸಿಗಲಿಲ್ಲ. ‘ತುಱು’ ಅನ್ನುವಂಥದ್ದು ಮಾತ್ರ ಓದಲು ಬಂತು. ತುಱು ಅಂದರೆ ದನ ಅಂತ ಹೇಳಿದೆ. ಅವನು ಮತ್ತೆ ಕೆಳಗಿನ ಸಾಲು ನೋಡಿದ. ಕುದುರೆಗಳ ಹಿಂದೆ ನಾಲ್ಕು ಆಕಳು ನಿಂತಿದ್ದವು. ಅಲ್ಲಿಯ ತನಕ ನಾನೂ ನೋಡಿರಲಿಲ್ಲ.