ವಾರದ ಕಂತಿಗೆ ಸಹಿ ಹಾಕುವ ಮುನ್ನ

ಕೇಳುಗರಿಗೆ ನಮಸ್ಕಾರ.

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ, ಕೋಲಾರದ ಮಾರುಕಟ್ಟೆಯಲ್ಲಿ ಟೊಮೆಟೊ ಆರಿಸುವ ಹೆಂಗಸರ ಹತ್ತಿರ ಅಡವಿಡಲು ಆಸ್ತಿ ಇರುವುದಿಲ್ಲ, ಸಂಬಳದ ಚೀಟಿಯೂ ಇರುವುದಿಲ್ಲ. ಅವರ ಕೈಗೆಟುಕುವುದು ಮೈಕ್ರೋಫೈನಾನ್ಸ್ ಕಂಪನಿಗಳು, ಅಂದರೆ ಸಣ್ಣ ಸಾಲದ ಕಂಪನಿಗಳು, ಕೊಡುವ ಗುಂಪು ಸಾಲ. ಅಕ್ಕಪಕ್ಕದವರು ಒಬ್ಬರಿಗೊಬ್ಬರು ಜಾಮೀನು ನಿಲ್ಲುವ ಈ ದಾರಿಯನ್ನು ಲೋಕಕ್ಕೆ ಪರಿಚಯಿಸಿದ್ದು ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕ್.

ತೊಡಕಿರುವುದು ಕಂತಿನಲ್ಲಿ. ರೇಷ್ಮೆ ಗೂಡಿನ ದರ ಏರಿ ನೂಲಿನ ದರ ಇಳಿದರೆ ಮಾಲೀಕರು ನೂಲು ತೆಗೆಯುವ ಬೇಸಿನ್ ನಿಲ್ಲಿಸುತ್ತಾರೆ. ಕೂಲಿ ನಿಲ್ಲುತ್ತದೆ, ಕಂತು ನಿಲ್ಲುವುದಿಲ್ಲ. ಅದನ್ನು ಕಟ್ಟಲು ಇನ್ನೊಂದು ಕಂಪನಿಯಲ್ಲಿ ಸಾಲ, ಅದಕ್ಕೆ ಮತ್ತೊಂದು. 2009ರಲ್ಲಿ ಕೋಲಾರದ ಕಡೆ ಸಾಲ ವಸೂಲಿಯೇ ನಿಂತುಹೋದದ್ದಕ್ಕೆ ಇದೂ ಒಂದು ಕಾರಣ.

ಹಾಗಾಗಿ ಒಳ್ಳೆಯ ವಾರದ ಕೂಲಿ ಹಿಡಿದು ಲೆಕ್ಕ ಹಾಕಬೇಡಿ. ಕಳೆದ ವರ್ಷ ಎಲ್ಲಕ್ಕಿಂತ ಕಡಿಮೆ ದುಡ್ಡು ಬಂದ ತಿಂಗಳು ಯಾವುದು ನೋಡಿ. ಅದರಲ್ಲಿ ರೇಷನ್, ಬಾಡಿಗೆ, ಗ್ಯಾಸ್, ಔಷಧಿ ಕಳೆಯಿರಿ. ಉಳಿದದ್ದರೊಳಗೆ ಕಂತು ಕೂರಬೇಕು. ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲೇ ನಿಯಮ ಮಾಡಿದೆ. ದಿನಗೂಲಿಯವರಿಗೆ ಆ ಅರ್ಧವೂ ಜಾಸ್ತಿಯೇ.

ಇನ್ನು ಬಡ್ಡಿ. 50,000 ರೂಪಾಯಿ, 2 ವರ್ಷ, ಶೇ. 12 ‘ಫ್ಲಾಟ್’ ಅಂದರೆ ಬಡ್ಡಿ 12,000, ತಿಂಗಳಿಗೆ ಸುಮಾರು 2,583. ಕೇಳಲು ಅಗ್ಗ. ಆದರೆ ಅಸಲು ತಿಂಗಳು ತಿಂಗಳೂ ಕರಗುತ್ತಿದ್ದರೂ ಬಡ್ಡಿ ಪೂರ್ತಿ 50,000ಕ್ಕೇ ಬೀಳುತ್ತದೆ. ಇಳಿಯುವ ಅಸಲಿನ ಮೇಲೆ ಲೆಕ್ಕ ಹಾಕಿದರೆ ಇದು ಶೇ. 21ರ ಮೇಲಾಗುತ್ತದೆ. ಸಂಸ್ಕರಣಾ ಶುಲ್ಕ, ವಿಮೆ ಹಿಡಿದುಕೊಂಡು ಕೈಗೆ ಕೊಟ್ಟದ್ದೆಷ್ಟು, ಕೊನೆಗೆ ಕಟ್ಟುವುದೆಷ್ಟು, ಈ ಎರಡನ್ನೂ ಸಾಲದ ಕಾರ್ಡಿನಲ್ಲಿ ಓದಿಸಿಕೊಳ್ಳಿ. ಕಾರ್ಡು ಕನ್ನಡದಲ್ಲಿಲ್ಲದಿದ್ದರೆ ಕೇಳಿ ಪಡೆಯಿರಿ.

ಗುಂಪು ಒಡೆಯುವುದು ಹೆಚ್ಚಾಗಿ ‘ಹೆಸರು ಕೊಡುವುದರಿಂದ’. ನಾದಿನಿಗೋ ಗುಂಪಿನ ಮುಖಂಡರಿಗೋ ದುಡ್ಡು ಬೇಕು, ಸಾಲ ನಿಮ್ಮ ಹೆಸರಿನಲ್ಲಿ. ಅವರು ಕೈಯೆತ್ತಿದರೆ ಬಾಕಿ ಏರುವುದು ನಿಮ್ಮ ಆಧಾರ್ ಜೋಡಿಸಿದ ಕ್ರೆಡಿಟ್ ದಾಖಲೆಗೆ. ಆಮೇಲೆ ಬ್ಯಾಂಕಿನಲ್ಲಿ ಸಾಲ ಸಿಗುವುದು ಕಷ್ಟ. ಮುಖ ಕೆಟ್ಟರೂ ಸರಿ, ಇದಕ್ಕೆ ಒಲ್ಲೆ ಅನ್ನಿ.

ಕಂತು ತಪ್ಪಿದರೆ ದಂಡ ಬೀಳಬೇಕಾದದ್ದು ತಪ್ಪಿದ ಮೊತ್ತಕ್ಕೆ ಮಾತ್ರ, ಇಡೀ ಸಾಲಕ್ಕಲ್ಲ. ಅವಧಿಗೆ ಮುನ್ನ ತೀರಿಸಿದರೆ ದಂಡವೇ ಇಲ್ಲ. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಫೋನು ಮಾಡುವಂತಿಲ್ಲ, ಬೈಯುವಂತಿಲ್ಲ, ನೆಂಟರಿಗೆ ಕಿರುಕುಳ ಕೊಡುವಂತಿಲ್ಲ. ಹಾಗೇನಾದರೂ ಆದರೆ ದಿನ, ವೇಳೆ, ನಂಬರು ಬರೆದಿಟ್ಟುಕೊಂಡು ಮೊದಲು ಆ ಕಂಪನಿಗೇ ಲಿಖಿತ ದೂರು ಕೊಡಿ, ಅದರ ಒಂದು ಪ್ರತಿ ನಿಮ್ಮಲ್ಲೇ ಇಟ್ಟುಕೊಳ್ಳಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್, ಅಂದರೆ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ, ಅವರ ಬಳಿ ಹೋಗಬಹುದು. ಹೇಗೆಂದು ಕೇಳಲು 14448ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ.