ನೂರಕ್ಕೆ ಮೂರರ ಲೆಕ್ಕ

ಎಲ್ಲರಿಗೂ ಶರಣು. ಇಲ್ಲಿ ಕೂತವರಲ್ಲಿ ಬಹಳ ಮಂದಿ ಸಣ್ಣವರಿದ್ದಾಗ ಅಪ್ಪ-ಅವ್ವನ ಬೆನ್ನಿಗೆ ಗುಳೆ ಹೋದವರು. ನಮ್ಮ ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಕಡೆ ಎರೆ (ಕಪ್ಪು ಮಣ್ಣು) ಇರಲಿ ಮಸಾರಿ (ಕೆಂಪು ಮಣ್ಣು) ಇರಲಿ, ಹೊಲ ನೆಚ್ಚಿಕೊಂಡಿರುವುದು ಮಳೆಯನ್ನು. ಮಳೆ ಕೈಕೊಟ್ಟರೆ ಬೆಂಗಳೂರು, ಮಂಗಳೂರು, ಗೋವಾ. ಈಗ ನಿಮಗೇ ಮಕ್ಕಳಿದ್ದಾರೆ, ಕೂಲಿಯೂ ಆಗಿನದಕ್ಕಿಂತ ಹೆಚ್ಚು. ಆದರೂ ಮನೆ ಮೇಲೇಳುತ್ತಿಲ್ಲ ಅಂದರೆ, ದುಡಿಮೆ ಸಾಲದೆ ಅಲ್ಲ. ದುಡಿದದ್ದು ಬಡ್ಡಿಗೆ ಹೋಗುತ್ತಿದೆ.

"ನೂರಕ್ಕೆ ಮೂರು" ಅಂತೀವಲ್ಲ, ಕೇಳಲಿಕ್ಕೆ ಸಣ್ಣದು. ಆದರೆ ಅದು ತಿಂಗಳ ಲೆಕ್ಕ; ವರ್ಷಕ್ಕೆ ನೂರಕ್ಕೆ 36. ಸಾಹುಕಾರನ ಹತ್ತಿರ 50,000 ಸಾಲ ತಂದರೆ ತಿಂಗಳಿಗೆ 1,500 ಬಡ್ಡಿ. ಮೂರು ವರ್ಷ ಬರೇ ಬಡ್ಡಿ ಕಟ್ಟಿದರೆ 54,000 ಕೊಟ್ಟಿರುತ್ತೀರಿ, ಅಸಲು ಮಾತ್ರ 50,000 ಹಾಗೇ ನಿಂತಿರುತ್ತದೆ. ಅದೇ ಮನೆಯ ಪೆಟ್ಟಿಗೆಯಲ್ಲಿ ಎರಡು ತೊಲ ಬಂಗಾರ ಇರುತ್ತದೆ! ಬಂಗಾರ ಅಡ ಇಟ್ಟರೆ ಮಂದಿ ಏನಂತಾರೋ ಅನ್ನುವ ಮರ್ಯಾದೆಗೆ ವರ್ಷಕ್ಕೆ ಎಷ್ಟು ತೆರುತ್ತೀರಿ ನೋಡಿ. ಅದೇ ಬಂಗಾರದ ಮೇಲೆ ಬ್ಯಾಂಕಿನಲ್ಲಿ ವರ್ಷಕ್ಕೆ ನೂರಕ್ಕೆ 10ರಂತೆ ಸಾಲ ಸಿಕ್ಕರೆ 50,000ಕ್ಕೆ ಬಡ್ಡಿ 5,000, ಸಾಹುಕಾರನಿಗೆ 18,000. ನಡುವೆ ಉಳಿಯುವ 13,000 ಅಸಲಿಗೆ ಹೋಗಬೇಕು, ಹಬ್ಬಕ್ಕಲ್ಲ. ಇಲ್ಲಿ ತಪ್ಪುವುದು ಒಂದೇ ಕಡೆ: ಬ್ಯಾಂಕಿನ ಹಣ ಕೈಗೆ ಬಂದ ದಿನವೇ ಸಾಹುಕಾರನ ಸಾಲ ತೀರಿಸಿ, ಬರೆದುಕೊಟ್ಟ ಪತ್ರ, ಖಾಲಿ ಚೆಕ್ ಇದ್ದರೆ ವಾಪಸ್ ತಗೊಳ್ಳದಿದ್ದರೆ ಎರಡೂ ಸಾಲ ತಲೆ ಮೇಲೆ ಕೂರುತ್ತವೆ.

ಇನ್ನು ಮೈಕ್ರೋಫೈನಾನ್ಸ್‌ನವರ ವಾರದ ಕಂತಿನ ಸಾಲ. 30,000 ಕೊಟ್ಟು, ವಾರಕ್ಕೆ 680ರಂತೆ 52 ವಾರ ಅಂದರು ಅನ್ನಿ. ಒಟ್ಟು 35,360. ಬಡ್ಡಿ 5,360, ಅಂದರೆ ನೂರಕ್ಕೆ 18 ಅನಿಸುತ್ತದೆ. ಅಲ್ಲ. ಮೊದಲ ವಾರದಿಂದಲೇ ನೀವು ಅಸಲು ತಿರುಗಿಸುತ್ತಾ ಬಂದಿರುತ್ತೀರಿ, 30,000 ವರ್ಷವಿಡೀ ನಿಮ್ಮ ಕೈಯಲ್ಲಿ ಇರುವುದೇ ಇಲ್ಲ. ನಿಜವಾದ ಬಡ್ಡಿ 33ರ ಆಸುಪಾಸು. ಕೊಡುವಾಗಲೇ ಶುಲ್ಕ, ವಿಮೆ ಅಂತ ಮುರಿದುಕೊಂಡರೆ ಇನ್ನೂ ಮೇಲೆ. ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ ವರ್ಷಕ್ಕೆ 3 ಲಕ್ಷದವರೆಗೆ ಆದಾಯವಿರುವ ಕುಟುಂಬದ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ನೀವು ಮೂರು ಕಡೆ ಸಾಲ ಮಾಡಿ, ನಾಲ್ಕನೆಯದರಲ್ಲಿ ಮೂರರ ಕಂತು ಕಟ್ಟುತ್ತಿದ್ದರೆ ಆ ಗೆರೆ ದಾಟಿ ಬಹಳ ದಿನ ಆಗಿದೆ. ವಸೂಲಿಗೆ ಬಂದವರು ಮನೆ ಮುಂದೆ ಕೂತು ಹೆದರಿಸಿದರೆ ಸುಮ್ಮನಿರಬೇಡಿ. 2025ರಲ್ಲಿ ರಾಜ್ಯ ಸರ್ಕಾರ ಇದರ ವಿರುದ್ಧವೇ ಕಾನೂನು ತಂದಿದೆ, ಠಾಣೆಗೆ ಹೋಗಿ.

ಮೇಸ್ತ್ರಿಯ ಮುಂಗಡದ ಕತೆ ಬೇರೆ. ಅದಕ್ಕೆ ಬಡ್ಡಿ ಕಾಣುವುದಿಲ್ಲ, ಕೂಲಿಯಲ್ಲೇ ಮುರಿದಿರುತ್ತಾನೆ. "ಮುಂಗಡ ತೀರೋತನಕ ಬಿಟ್ಟು ಹೋಗಂಗಿಲ್ಲ" ಅಂದರೆ ಅದು ಜೀತ. 1976ರ ಕಾಯ್ದೆಯಡಿ ಅಪರಾಧ, ಆ ಸಾಲವೂ ರದ್ದು. ಕಟ್ಟಡದ ಕೆಲಸಕ್ಕೆ ಹೋಗುವವರು ವರ್ಷದಲ್ಲಿ 90 ದಿನ ದುಡಿದಿದ್ದರೆ ಕಾರ್ಮಿಕ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿ, ಮಕ್ಕಳ ಓದಿಗೆ ಸಹಾಯಧನಕ್ಕೆ ಅರ್ಜಿ ಹಾಕಬಹುದು. ಆ 90 ದಿನಕ್ಕೆ ದಾಖಲೆ ಬೇಕಲ್ಲ, ಅದಕ್ಕೆ ಹಾಜರಿ ಚೀಟಿ ಒಗೆಯಬೇಡಿ.

ಸಾಲ ಇಳಿಯುತ್ತಾ ಬಂದಂತೆ ಮನೆಯನ್ನು ಮತ್ತೆ ಕೆಡವುವುದು ಒಂದು ಆಸ್ಪತ್ರೆ, ಒಂದು ಸಾವು, ಒಂದು ಮದುವೆ. ಸಾವಿಗೆ ವರ್ಷಕ್ಕೆ 436 ರೂಪಾಯಿಯ ಜೀವನ ಜ್ಯೋತಿ ವಿಮೆ, ಅಪಘಾತಕ್ಕೆ 20 ರೂಪಾಯಿಯ ಸುರಕ್ಷಾ ವಿಮೆ. ಎರಡರಲ್ಲೂ 2 ಲಕ್ಷದವರೆಗೆ ಪರಿಹಾರ. ಮೇ ಕೊನೆಗೆ ಖಾತೆಯಲ್ಲಿ ಆ ದುಡ್ಡು ಇಲ್ಲದಿದ್ದರೆ ವಿಮೆ ನಿಂತುಹೋಗುತ್ತದೆ. ಬಹಳ ಮಂದಿ ಸೋಲುವುದು ಇಲ್ಲೇ, 456 ರೂಪಾಯಿಗೆ. ಮದುವೆಗೆ ನಮ್ಮ ಭಾಗದ ಮಠ, ಜಾತ್ರೆಗಳ ಸಾಮೂಹಿಕ ವಿವಾಹಕ್ಕಿಂತ ಒಳ್ಳೆಯ ದಾರಿ ಕಾಣೆ. ಆದರೆ ಹುಡುಗಿಗೆ 18, ಹುಡುಗನಿಗೆ 21 ತುಂಬಿರಲೇಬೇಕು.

ಮಗಳಿಗೆ ಹತ್ತು ತುಂಬುವ ಮೊದಲು ಅಂಚೆ ಕಚೇರಿಯಲ್ಲಿ ಸುಕನ್ಯಾ ಸಮೃದ್ಧಿ ಉಳಿತಾಯ ಖಾತೆ ತೆರೆಯಿರಿ. ವರ್ಷಕ್ಕೆ ಕನಿಷ್ಠ 250, ಹದಿನೈದು ವರ್ಷ ಕಟ್ಟಬೇಕು. 18 ತುಂಬಿದ ಮೇಲೆ ಓದಿಗೆ ಅರ್ಧದವರೆಗೆ ತೆಗೆಯಬಹುದು. ದುಡ್ಡಿಗಿಂತ ಹೆಚ್ಚು ಕೆಡಿಸುವುದು ಕಾಗದ. ಆಧಾರ್‌ನಲ್ಲಿ ಒಂದು ಹೆಸರು, ಶಾಲೆಯಲ್ಲಿ ಇನ್ನೊಂದು. ಹತ್ತನೇ ತರಗತಿ ಅಂಕಪಟ್ಟಿ ಬರುವ ಮೊದಲೇ ಸರಿ ಮಾಡಿಸಿ, ಆಮೇಲೆ ಅಲೆದಾಟ. ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371ಜೆ ಪ್ರಮಾಣಪತ್ರ ಉಪವಿಭಾಗಾಧಿಕಾರಿ ಕಚೇರಿಯಿಂದ ಬರುತ್ತದೆ. ಈ ಭಾಗದ ಕಾಲೇಜುಗಳಲ್ಲಿ ನೂರಕ್ಕೆ 70 ಸೀಟು, ಹೊರಗೆ 8 ನಮ್ಮ ಮಕ್ಕಳಿಗೆ ಅಂತ ಇದೆ. ಸಿಇಟಿ ವಾರದಲ್ಲಿ ಓಡಿದರೆ ಆ ಪ್ರಮಾಣಪತ್ರ ಸಿಗುವುದಿಲ್ಲ.

ಒಂದು ಮಾತು ಲೆಕ್ಕದಲ್ಲಿ ಬರುವುದಿಲ್ಲ. ಹಸಿದು ಬೆಳೆದವರು ಮಕ್ಕಳಿಗೆ "ನಾ ಕಂಡಿದ್ದು ಇವರು ಕಾಣಬಾರದು" ಅಂತ ಕಂತಿನಲ್ಲಿ ಮೊಬೈಲ್ ಕೊಡಿಸುತ್ತಾರೆ, ಅದೇ ವಾರ ಹಾಲು, ಬೇಳೆ ಕಡಿಮೆ ಮಾಡುತ್ತಾರೆ. ಅದನ್ನು ತಿರುಗಾಮುರುಗಾ ಮಾಡಿ.

ಇನ್ನು ಮಾತು ಸಾಕು. ಸಾಲದ ಚೀಟಿ, ಪಾಸ್‌ಬುಕ್ ತಂದವರು ಮುಂದೆ ಬನ್ನಿ. ಯಾವುದನ್ನು ಮೊದಲು ತೀರಿಸಬೇಕು ಅಂತ ಒಬ್ಬೊಬ್ಬರದೇ ಬರೆದುಕೊಡೋಣ.