ಎಂಟು ಪೆನ್ನಿ, ಐದು ರಾತ್ರಿ

1792ರ ಜನವರಿ. ಲಂಡನ್ನಿನ ಒಂದು ಪಬ್ಬು. ಕೆಲಸ ಮುಗಿಸಿದ ಒಂಬತ್ತು ಜನ ಬ್ರೆಡ್ಡು, ಚೀಸು, ಬಿಯರ್ ಮುಂದಿಟ್ಟುಕೊಂಡು ಕೂತಿದ್ದಾರೆ. ಎಲ್ಲಾ ತುಟ್ಟಿ ಆಯ್ತಲ್ಲ ಅನ್ನೋ ಮಾತು. ಅಷ್ಟರಲ್ಲಿ ಬೂಟು ಹೊಲಿಯುವ ಥಾಮಸ್ ಹಾರ್ಡಿ ಪಾರ್ಲಿಮೆಂಟಿನ ವಿಷಯ ತೆಗೆಯುತ್ತಾನೆ. ಸಂಘ ಕಟ್ಟೋಣ, ವಾರಕ್ಕೊಂದು ಪೆನ್ನಿ ಚಂದಾ. ಅವತ್ತು ಎಂಟು ಜನ ಸೇರಿದರು, ಕೂಡಿದ್ದು ಎಂಟು ಪೆನ್ನಿ. ಆಮೇಲೆ ಐದು ರಾತ್ರಿ ಒಂದೇ ಪ್ರಶ್ನೆ ಹಿಡಿದು ಕೂತರು: ಅಂಗಡಿ ಇಟ್ಟವರು, ಕೈಕೆಲಸದವರು ನಾವು. ಪಾರ್ಲಿಮೆಂಟ್ ಸುಧಾರಿಸಿ ಅಂತ ಕೇಳುವ ಹಕ್ಕು ನಮಗಿದೆಯಾ?

ಇದೆ ಅಂತ ತೀರ್ಮಾನಿಸಿದರು.

ಇಂಗ್ಲೆಂಡಿನ ದುಡಿಯುವ ವರ್ಗದ ಕತೆಯನ್ನು ಇತಿಹಾಸಕಾರ ಇ.ಪಿ. ಥಾಂಪ್ಸನ್ ಶುರು ಮಾಡಿದ್ದು ಇವರಿಂದಲೇ. 1963ರಲ್ಲಿ ಬಂದ, 800 ಪುಟ ದಾಟಿದ ಪುಸ್ತಕ ಅದು. ಶಾಲೆಯಲ್ಲಿ ನಾವು ಓದಿದ್ದೇನು? ರಾಜನ ಅಧಿಕಾರಕ್ಕೆ ಮಿತಿ ಹಾಕಿದ 1215ರ ಮ್ಯಾಗ್ನಾ ಕಾರ್ಟಾ, ಓಟಿನ ಹಕ್ಕು ಹಿಗ್ಗಿಸಿದ 1832ರ ಸುಧಾರಣಾ ಕಾಯ್ದೆ. ಮೇಲಿನವರು ಕೊಟ್ಟರು, ಕೆಳಗಿನವರು ತಗೊಂಡರು ಅನ್ನೋ ಹಾಗೆ. ಆದರೆ 1832ರಲ್ಲೂ ಹೆಚ್ಚಿನ ಕಾರ್ಮಿಕರಿಗೆ ಓಟು ಸಿಗಲಿಲ್ಲ. ಬೀದಿಗಿಳಿದು ಗಲಾಟೆ ಮಾಡಿದವರೇ ಹೊರಗುಳಿದರು. ಇದನ್ನು ನಮಗೆ ಯಾರೂ ಹೇಳಲಿಲ್ಲ, ಅಲ್ವಾ?

ಥಾಂಪ್ಸನ್‌ಗೆ ಇದು ಕಂಡಿದ್ದು ಸುಮ್ನೆ ಅಲ್ಲ. 1948ರಿಂದ 17 ವರ್ಷ ಅವರು ಲೀಡ್ಸ್ ವಿಶ್ವವಿದ್ಯಾಲಯದ ಪರವಾಗಿ ಯಾರ್ಕ್‌ಷೈರಿನ ಊರೂರು ಸುತ್ತಿ, ವಯಸ್ಕರಿಗೆ ಸಂಜೆ ತರಗತಿ ನಡೆಸಿದರು. ಹಗಲು ದುಡಿದು ಓದಲು ಬಂದವರ ಜೊತೆ ಮಾತಾಡುತ್ತಲೇ ಎಷ್ಟೋ ಕಲಿತೆ ಅಂತ ಆ ಪುಸ್ತಕದ ಮುನ್ನುಡಿಯಲ್ಲೇ ಬರೆದಿದ್ದಾರೆ. ಇನ್ನೊಂದು ಕಡೆ, ಸರ್ಕಾರದ ಗೂಢಚಾರರು ಕಾರ್ಮಿಕರ ಸಭೆಗಳಲ್ಲಿ ಕದ್ದು ಕೂತು ಬರೆದ ವರದಿಗಳು. ಹಿಡಿದು ಹಾಕಲಿಕ್ಕೆ ಬರೆದ ಆ ಕಾಗದಗಳಿಂದಲೇ ಥಾಂಪ್ಸನ್ ನೇಕಾರರ ದನಿ ಹೆಕ್ಕಿದರು. ಇದಕ್ಕೆ ಎಷ್ಟು ತಾಳ್ಮೆ ಬೇಕು ಯೋಚಿಸಿ.

ಅವರ ಅಪ್ಪ ನೆಹರೂ ಅವರ ಗೆಳೆಯ. ಆದರೂ ತುರ್ತು ಪರಿಸ್ಥಿತಿಯಲ್ಲಿ ಭಾರತಕ್ಕೆ ಬಂದು ಹೋದ ಮಗ, ಕಂಡದ್ದನ್ನು ಖಾರವಾಗಿಯೇ ಬರೆದರು. ಅದಕ್ಕೂ ಮೊದಲು, 1956ರಲ್ಲಿ, ಸೋವಿಯತ್ ಟ್ಯಾಂಕುಗಳು ಹಂಗೇರಿಗೆ ನುಗ್ಗಿದಾಗ ತಮ್ಮದೇ ಕಮ್ಯುನಿಸ್ಟ್ ಪಕ್ಷ ಬಿಟ್ಟಿದ್ದರು. ನನಗೆ ಅವರ ಮೇಲೆ ಜಾಸ್ತಿ ಗೌರವ ಬಂದಿದ್ದು ಇಲ್ಲೇ.

ಹಾರ್ಡಿ ಏನಾದ? 1794ರಲ್ಲಿ ರಾಜದ್ರೋಹದ ಆರೋಪ. ಅವನು ಜೈಲಿನಲ್ಲಿದ್ದಾಗಲೇ ಹೆಂಡತಿ ಹೆರಿಗೆಯಲ್ಲಿ ಸತ್ತಳು. ಕೊನೆಗೆ ಜ್ಯೂರಿ ಅವನು ತಪ್ಪಿತಸ್ಥನಲ್ಲ ಅಂದಿತು. ಜನ ಅವನ ಗಾಡಿಯನ್ನು ತಾವೇ ಎಳೆದುಕೊಂಡು ಲಂಡನ್ ಬೀದಿಗಳಲ್ಲಿ ಮೆರವಣಿಗೆ ಹೊರಟರು. ಅವನ ಖಾಲಿ ಮನೆ ಮುಂದೆ ಬಂದಾಗ ನಿಂತರು. ಅಷ್ಟೂ ಜನ, ಕೆಲವು ನಿಮಿಷ, ಒಂದು ಮಾತೂ ಆಡದೆ.